ಮಲ್ಲಿಗೆ ಕುಂಡದ ಬಿಳಿ ಹುಳ

ಬಸ್ ನಿಲ್ದಾಣದ ಬೆಂಚಿನ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದ ದರ್ಜಿಯ ಪಕ್ಕಕ್ಕೆ ಅತ್ತಿಗೆ, ನಾದಿನಿ ಇಬ್ಬರೂ ಬಂದು, ಎಲೆಯೆಲ್ಲ ಹಳದಿಯಾದ ಮಲ್ಲಿಗೆ ಕುಂಡವೊಂದನ್ನು ದೊಪ್ಪೆಂದು ಇಟ್ಟರು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ಈ ಮಣ್ಣಲ್ಲಿರೋ ಬಿಳಿ ಹುಳ ನೋಡಿ ಗೆದ್ದಲು, ಗೆದ್ದಲು ಅಂತ ನನ್ನ ತಲೆ ತಿಂದ್ರಲ್ಲ ಅತ್ತಿಗೆ! ನರ್ಸರಿಯವನು ಚಿಟಿಕೆ ಮಣ್ಣು ನೀರಿಗೆ ಹಾಕಿದ ತಕ್ಷಣ ಹುಳ ತೇಲಿ, ಚಂಗ್ ಅಂತ ನೆಗೆದ್ವು. ಗೆದ್ದಲು ನೆಗೆಯುತ್ತಾ?”

“ನೀನೇನು ಕಮ್ಮಿ? ಬೇರು ತಿನ್ನೋ ಹುಳ ಅಂತ ಔಷಧಿ ಹೊಡೆದೆ. ಅವು ಬೇರಿನ ತಂಟೆಗೇ ಹೋಗಲ್ವಂತೆ. ಮಣ್ಣು ಸದಾ ಒದ್ದೆ ಇದ್ರೆ ಬರ್ತವಂತೆ, ಅಷ್ಟೆ. ಬೇರು ಕೊಳೆತಿರೋದು ನೀರಿಗೆ.”

“ನಾಳೆ ಅಮ್ಮ ಆಸ್ಪತ್ರೆಯಿಂದ ಬಂದು ಮೊದಲು ಇದನ್ನೇ ನೋಡ್ತಾಳೆ. ಹೇಗೆ ಮುಖ ತೋರಿಸೋದು? ಅಷ್ಟೊಂದು ನೀರು ಯಾಕೆ ಸುರಿದ್ರಿ?”

“ಬೆಳಿಗ್ಗೆ ಒಂದೇ ಚೊಂಬು ಕಣೆ. ನಿನಗೆ ನೆನಪಿರಲ್ಲ ಅಂತ.”

“ಅಯ್ಯೋ! ನಿಮಗೆ ನೆನಪಿರಲ್ಲ ಅಂತ ಸಂಜೆ ನಾನು ಹಾಕ್ತಿದ್ದೆ!”

ಅತ್ತಿಗೆ ಕುಂಡದ ಮಣ್ಣಿಗೆ ಬೆರಳು ಒತ್ತಿದಳು; ನೀರು ಜಿನುಗಿತು.

“ನಿಮ್ಮಣ್ಣ ದಿನಾ ಫೋನಲ್ಲಿ ಅತ್ತೆಗೆ ಏನಂತಿದ್ರು?”

“‘ಇವರಿಬ್ರನ್ನ ನಂಬಿದ್ರೆ ಆಯ್ತು ಕಥೆ. ಮಲ್ಲಿಗೆಗೆ ನೀರು ನಾನೇ ಹಾಕ್ತಿದೀನಿ’ ಅಂತ.”

ಬಸ್ ಬಂತು. ಇಬ್ಬರೂ ಕುಂಡವನ್ನು ಎರಡು ಕಡೆಯಿಂದ ಹಿಡಿದು ಹತ್ತಿದರು. ಕುಂಡದಿಂದ ಸೋರಿದ ನೀರು ಬೆಂಚಿನುದ್ದಕ್ಕೂ ಹರಿದು, ದರ್ಜಿಯ ಬಟ್ಟೆಗಂಟನ್ನು ತೋಯಿಸಿತ್ತು.