ಎಕ್ಸ್-ರೇ ಯಾಕೆ ಬೇಕಂತೆ?

ಆಸ್ಪತ್ರೆಯ ಕಚೇರಿಯ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೊಲಿಗೆಯಾಕೆ, ಅವಳ ಅಣ್ಣ ಕೂತಿದ್ದರು. ಇಲ್ಲಿಯ ಡಾಕ್ಟರು ಆಪರೇಷನ್ ಮಾಡುವಾಗ ಅವಳ ಹೊಟ್ಟೆಯೊಳಗೆ ಬಟ್ಟೆಯ ಉಂಡೆಯೊಂದನ್ನು ಬಿಟ್ಟೇ ಹೊಲಿದಿದ್ದರಂತೆ. ಅದನ್ನು ಬೇರೆ ಆಸ್ಪತ್ರೆಯಲ್ಲಿ ತೆಗೆಸಿದ್ದಾಗಿದೆ. ಭಗವಂತ ಜೀವ ಉಳಿಸಿದ್ದ.

“ಪರಿಹಾರ ಕೊಡ್ತೀವಿ ಅಂತ ಅವರೇ ಕರೆದಿದ್ದಾರೆ. ದೇವರು ಕಣ್ಣು ಬಿಟ್ಟ ಅಂದ್ಕೋ.”

“ಆರು ತಿಂಗಳು ಫೋನೇ ಎತ್ತದವರು ಇವತ್ತು ಕಾರು ಕಳಿಸಿದ್ರಲ್ಲ, ಯಾಕಣ್ಣ?”

“ದೇವರೇ ಬಂದು ವರ ಕೊಟ್ರೂ ನೀನು ರಸೀದಿ ಕೇಳ್ತೀಯ.”

“ಎಕ್ಸ್-ರೇ ತಂದ್ರಾ ಅಂತ ಮೂರು ಸಲ ಕೇಳಿದ್ರು. ನೋವು ಹೇಗಿದೆ ಅಂತ ಯಾರೂ ಕೇಳಲಿಲ್ಲ.”

“ಕೊಟ್ಟುಬಿಡು ತಾಯಿ. ಗೋಡೆಗೆ ತೂಗುಹಾಕ್ತೀಯಾ ಅದನ್ನ?”

“ಆ ಉಂಡೆ ಕಾಣೋದು ಇದರಲ್ಲೇ, ನಮ್ಮ ಹತ್ರ ಇರೋ ಸಾಕ್ಷಿ ಇದೊಂದೇ. ಕೊಟ್ಟಮೇಲೆ, ನಿನ್ನ ಹೊಟ್ಟೇಲಿ ಏನೂ ಇರಲೇ ಇಲ್ಲ ಅಂದ್ರೆ?”

ಅಷ್ಟರಲ್ಲಿ ಗುಮಾಸ್ತ ಬಾಗಿಲಿಗೆ ಬಂದ.

“ಬನ್ನಮ್ಮ, ಸಹಿ ಹಾಕಿ ಎಕ್ಸ್-ರೇ ಕೊಟ್ಟುಹೋಗಿ. ಚೆಕ್ಕು ಮುಂದಿನ ವಾರ ಬರುತ್ತೆ.”

“ಹಾಗಾದ್ರೆ ಇದೂ ಮುಂದಿನ ವಾರಾನೇ ಬರುತ್ತೆ ಸ್ವಾಮಿ. ಕೂಲಿ ಕೈಗೆ ಬಾರದೆ ಹೊಲಿದ ಬಟ್ಟೆ ಕೊಟ್ಟವಳಲ್ಲ ನಾನು.”

“ಆಮೇಲೆ ನಮ್ಮ ಮನಸ್ಸು ಬದಲಾದ್ರೆ?”

ಗುಮಾಸ್ತನ ಆ ಮಾತು ಕೇಳಿದ್ದೇ ಅಣ್ಣ ಎದ್ದ. ತಂಗಿಯ ಕೈಯಿಂದ ಎಕ್ಸ್-ರೇ ತೆಗೆದುಕೊಂಡು ಕಂಕುಳಲ್ಲಿ ಭದ್ರವಾಗಿ ಅವುಚಿಕೊಂಡು, ಅವಳಿಗಿಂತ ಮುಂಚೆ ಮೆಟ್ಟಿಲಿಳಿದ.