ಮದುವೆಗೆ ಮೊದಲೇ ಸತ್ತ ರಾಕ್ಷಸ

ಮಾದನಾಯಕನಹಳ್ಳಿಯ ಬಸ್‌ ನಿಲ್ದಾಣದಲ್ಲಿ ಸೌಮ್ಯಾಳ ಪಕ್ಕದಲ್ಲೇ ಗಾರೆ ಕೆಲಸದ ರೇವಣಸಿದ್ದ ಮೊಬೈಲು ಹಿಡಿದು ಹೆಂಡತಿ ದಾನೇಶ್ವರಿಯ ಮುಂದೆ ಗೋಳಾಡುತ್ತಿದ್ದ.

"ಭಾನುವಾರ ನಮ್ಮ ಬಯಲಾಟ. ಇದರಾಗ ನನ್ನ ರಾಕ್ಷಸ ಹುಟ್ಟಿದ ಕೂಡ್ಲೇ ಯುದ್ಧಕ್ಕ ಹೊಂಡ್ತಾನ, ಸಾಯ್ತಾನ, ಆಮ್ಯಾಲ ಮದಿವಿ ಆಗ್ತಾನ!"

"ಮಾಸ್ತರು ನಿಮ್ಮ ಮಾತೆಲ್ಲಾ ರೆಕಾರ್ಡ್ ಮಾಡಿ, ಹನ್ನೆರಡು ಭಾಗ ಮಾಡಿ, ನಂಬರ್ ಹಾಕಿ ಕಳಿಸ್ಯಾರಲ್ಲ?"

"ನನಗ ಓದಾಕ ಬಂದಿದ್ರ ಪುಸ್ತಕನ ತರಸ್ತಿದ್ದೆ. ಕೇಳೇ ಕಲೀಬೇಕು."

ಸಾಫ್ಟ್‌ವೇರ್ ಕೆಲಸದ ಸೌಮ್ಯಾಳಿಗೆ ಕಾರಣ ಹೊಳೆಯಿತು. ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ದಾನೇಶ್ವರಿ ಮೊಬೈಲು ಕಸಿದುಕೊಂಡಿದ್ದಳು.

"ನೋಡ್ರಿ, ಒಂದರ ಬೆನ್ನಿಗೇ ಹತ್ತು, ಹನ್ನೊಂದು, ಹನ್ನೆರಡು ನಿಂತಾವ. ಇದು ಮೊದಲನೇ ಅಂಕಿ ಅಷ್ಟ ನೋಡ್ತದ. ಒಂದರಿಂದ ಒಂಬತ್ತರ ತನಕ ಮೊದಲಿಗೆ ಸೊನ್ನಿ ಹಚ್ಚಿದ್ರ ಮುಗೀತು."

"ನಿನಗ್ಯಾರು ಹೇಳಿದ್ರು?"

"ಫ್ಯಾಕ್ಟರ್‍ಯಾಗ ಪೆಟಗಿಗೆ ಚೀಟಿ ಅಂಟಸಾಕಿ ನಾನ. ಅಲ್ಲೀ ಕಂಪ್ಯೂಟರಿಗೂ ಇಂಥಾದ ಬುದ್ಧಿ."

ಒಂಬತ್ತು ಸೊನ್ನೆ ಮುಗಿಯುವಷ್ಟರಲ್ಲಿ ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಡುತ್ತಲೇ ರೇವಣಸಿದ್ದ ಮೊಬೈಲು ಕಿವಿಗಿಟ್ಟು ಎರಡನೆಯ ಭಾಗದ ರಾಕ್ಷಸನ ಮಾತನ್ನು ಎತ್ತಿಕೊಂಡ. ಅವನ ಅಬ್ಬರಕ್ಕೆ ಕಂಡಕ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.