ಬುಟ್ಟಿ ಹೊತ್ತಾಕಿಯ ಸಹಿ

ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕತಂಗಿ ಜಗಳಕ್ಕೆ ಬಿದ್ದಿದ್ದರು. ಅವರ ಹಿಂದೆ ಕೂತಿದ್ದ ಇಂದೂಬಾಯಿಯ ಕಿವಿ ಅತ್ತಲೇ ಇತ್ತು.

“ಸಹಿ ಹಾಕು, ಶೇವಂತಕ್ಕಾ. ಸ್ವಂತ ಜೀವನದ ಕಥಿ ಸ್ಪರ್ಧಾಕ್ಕ ಕಳಸಬೇಕು. ಖರೇ ಅದ ಅಂತ ಮನಿಯವರ ಸಹಿ ಕೇಳ್ಯಾರ.”

“‘ಬಾಳೆಹಣ್ಣಿನ ಬುಟ್ಟಿ ಹೊತ್ತು ನಾ ಓದಿದೆ’ ಅಂತ ಬರದೀಯಲ್ಲ ಸಪ್ನಾ, ಹೊತ್ತಾಕಿ ಯಾರು?”

“ನೀನೇ. ಓದಿದಾಕಿ ನಾನಲ್ಲೇನು?”

“ನನ್ನ ಸಾಲಿ ಬಿಡಿಸಿ ನಿನ್ನ ಓದಿಸಿದ್ರು. ಅದ್ಯಾಕ ಬರದಿಲ್ಲ?”

“ಬರಿಲಾಕ ಬಂದ್ರ ನೀನೇ ಬರಿ, ಹೋಗು!”

ಶೇವಂತಾ ಬಸ್‌ಸ್ಟ್ಯಾಂಡ್ ಬಂದಾಗ ಬರಿಗೈಯಲ್ಲಿ ಎದ್ದಳು.

“ಅಕ್ಕಾ, ಬುಟ್ಟಿ?”

“ಕಥ್ಯಾಗ ಹೊತ್ತೀಯಲ್ಲ, ಹೊತ್ಕೊಂಡು ಬಾ. ಸಹಿ ಆಮ್ಯಾಲ ನೋಡ್ತೀನಿ.”

ಕೆಂಪು ಬಾಳೆಹಣ್ಣಿನ ಬುಟ್ಟಿ ಸಪ್ನಾಳ ಮೊಣಕಾಲಿನಿಂದ ಮೇಲೇಳಲಿಲ್ಲ. ಹಿಂದೆ ತಿರುಗಿ, “ಸ್ವಲ್ಪ ತಲಿಮ್ಯಾಲ ಎತ್ತಿಡ್ರೀ,” ಅಂದಳು.

ಅಷ್ಟೊತ್ತೂ ಒಂದಕ್ಷರ ಬಿಡದೆ ಕೇಳಿದ್ದ ಇಂದೂಬಾಯಿ, ಕಿವುಡಿಯ ಹಾಗೆ ಇಳಿದು ಹೋದಳು.